ನೀಲಿ ಕ್ಯಾಸೆಟ್ಟಿನಲ್ಲಿ ಅತ್ತೆಯ ನಾಲ್ಕು ಸಾಲು

ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಮಗ್ಗಗಳಿಗೆ ಜಾಗ ಜಾಸ್ತಿ. ಬಾಗಿಲು ದಾಟಿ ಒಳಗೆ ಕಾಲಿಟ್ಟರೆ ಎಡಕ್ಕೆ ತಾತನ ಮಗ್ಗ, ಬಲಕ್ಕೆ ಅಪ್ಪನದು, ಅದರ ಹಿಂದೆ ಕಿಟಕಿಯ ಪಕ್ಕ ಅತ್ತೆಯದು. ಮೂರೂ ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಊಟ, ನಿದ್ದೆ, ಜಗಳ, ಬಾಣಂತನ ಎಲ್ಲವೂ ಈ ಮೂರು ಗುಂಡಿಗಳ ನಡುವೆ ಉಳಿದ ಜಾಗದಲ್ಲೇ ಆಗಬೇಕು. ನಾನು ನಡೆಯಲು ಕಲಿತದ್ದೇ ಗುಂಡಿಗೆ ಬೀಳದಂತೆ ಗೋಡೆ ಹಿಡಿದುಕೊಂಡು. ಈಗಲೂ ಯಾರ ಮನೆಗೆ ಹೋದರೂ ಗೋಡೆಯ ಪಕ್ಕದಲ್ಲೇ ನಡೆಯುತ್ತೇನಂತೆ, ನನ್ನ ಗಂಡ ಆಡಿಕೊಂಡು ನಗುತ್ತಾನೆ. ನಗಲಿ, ಅವನೇನು ಗುಂಡಿಗೆ ಬಿದ್ದು ಹಲ್ಲು ಮುರಿದುಕೊಂಡವನಲ್ಲ.

ಹೊಸಲಿನ ಒಳಗೆ ಕನ್ನಡ, ಹೊಸಲು ದಾಟಿದರೆ ತಮಿಳು. ಕೊಯಮತ್ತೂರು ಜಿಲ್ಲೆಯ ಅನ್ನೂರಿನ ಕಡೆಯ ನಮ್ಮ ನೇಕಾರರ ಬೀದಿಯಲ್ಲಿ ಎಲ್ಲ ಮನೆಗಳ ಕಾನೂನೂ ಅದೇ. ಅಂಗಡಿಯ ಮುಂದೆ ಕನ್ನಡ ಆಡಿದರೆ ಯಾರೂ ಹೊಡೆಯುತ್ತಿರಲಿಲ್ಲ, ಆದರೆ ಒಳಲಂಗದಲ್ಲಿ ಹೊರಗೆ ಬಂದಷ್ಟು ನಾಚಿಕೆಯಾಗುತ್ತಿತ್ತು. ಕನ್ನಡಕ್ಕೆ ಅಕ್ಷರಗಳಿವೆ ಎಂಬುದೇ ನನಗೆ ಎಷ್ಟೋ ವರ್ಷ ಗೊತ್ತಿರಲಿಲ್ಲ. ಮುಂದೆ ಕೊಯಮತ್ತೂರಿನ ಹಾಸ್ಟೆಲ್ಲಿನಲ್ಲಿ ಪಕ್ಕದ ಮಂಚದ ಹಾಸನದ ಹುಡುಗಿ ನನ್ನ ಮಾತು ಕೇಳಿ "ಇದು ಕನ್ನಡಾನೇನೇ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕವಳೇ ಅ ಆ ಇ ಈ ಕಲಿಸಿದಳು. ಇದನ್ನು ಬರೆಯುತ್ತಿರುವುದು ಅವಳು ಕಲಿಸಿದ ಅಕ್ಷರಗಳಲ್ಲಿ. ನಮ್ಮ ಮನೆಯವರಿಗೆ ಇದನ್ನು ಓದಲು ಬರುವುದಿಲ್ಲ, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಅತ್ತೆ ಎಂದರೆ ಅಪ್ಪನ ತಂಗಿ, ಸುಲೋಚನಾ. ಆ ಹೆಸರಿನಿಂದ ಮನೆಯಲ್ಲಿ ಯಾರೂ ಅವಳನ್ನು ಕರೆದವರಲ್ಲ. ತಾತನಿಗೆ ಅವಳು ಕೂಸು, ಅಪ್ಪನಿಗೆ "ಏಯ್", ನನ್ನ ಅಮ್ಮನಿಗೆ ನಾದಿನಿ, ನನಗೆ ಅತ್ತೆ. ಅಜ್ಜಿ ತೀರಿಕೊಂಡ ಮೇಲೆ ಹೆಸರು ಹಿಡಿದು ಕರೆಯುವವರೇ ಇಲ್ಲವಾಗಿ, ಸುಲೋಚನಾ ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದ್ದಳು. ಎತ್ತರದ ಹೆಂಗಸು, ಮೊಣಕೈ ಚೂಪು, ಕೋಪ ಇನ್ನೂ ಚೂಪು. ಎಂಟನೇ ಕ್ಲಾಸು ಮುಗಿಸಿ ಮಗ್ಗಕ್ಕೆ ಇಳಿದವಳು, ನನಗೆ ಒಂಬತ್ತು ವರ್ಷವಾದಾಗ ಇಪ್ಪತ್ತೆರಡು ದಾಟಿದ್ದಳು. ಮಗ್ಗದಲ್ಲಿ ಕೂತಾಗ ಅವಳು ಹಾಡುತ್ತಿರಲಿಲ್ಲ, ಸದ್ದಿನಲ್ಲಿ ಹಾಡು ವೇಸ್ಟ್ ಎನ್ನುತ್ತಿದ್ದಳು. ಹಾಡುತ್ತಿದ್ದದ್ದು ಪಾವು ಹಾಕುವಾಗ.

ಮಗ್ಗಕ್ಕೆ ಏರಿಸುವ ಉದ್ದದ ಎಳೆಗಳಿಗೆ ನಾವು ಪಾವು ಅನ್ನುತ್ತೇವೆ. ಏರಿಸುವ ಮೊದಲು ಅದನ್ನು ಬೀದಿಯುದ್ದಕ್ಕೂ ಕಟ್ಟಿ ಎಳೆದು, ಗಂಜಿ ಬಳಿದು, ದೊಡ್ಡ ಬ್ರಷ್ಷಿನಿಂದ ಉಜ್ಜಿ ಒಣಗಿಸಬೇಕು. ಬಿಸಿಲು ಏರಿದರೆ ಗಂಜಿ ಬಿರಿಯುತ್ತದೆ, ಎಳೆ ತುಂಡಾಗುತ್ತದೆ. ಅದಕ್ಕೇ ಬೆಳಕು ಹರಿಯುವಾಗಲೇ ಅಕ್ಕಪಕ್ಕದ ಮನೆಯವರೆಲ್ಲ ಸೇರುತ್ತಿದ್ದರು. ಪಾವಿನ ಆಚೆ ಒಬ್ಬರು ಈಚೆ ಒಬ್ಬರು ಬ್ರಷ್ಷಿನ ಎರಡು ತುದಿ ಹಿಡಿದು, ಒಂದೇ ಹೆಜ್ಜೆಯಲ್ಲಿ ಬೀದಿಯ ತುದಿಯವರೆಗೂ ನಡೆಯಬೇಕು. ಹೆಜ್ಜೆ ತಪ್ಪಿದರೆ ಎಳೆ ಸಿಕ್ಕಾಗುತ್ತದೆ. ಹೆಜ್ಜೆ ತಪ್ಪಬಾರದೆಂದೇ ಹಾಡು. ಅತ್ತೆಯ ಹಾಡು ಇಷ್ಟೇ:

ಎಳೆ ಎಳೆ ಬಾ ತಾಯಿ, ತುಂಡಾಗ್ದೆ ಬಾ ತಾಯಿ
ಗಂಜಿ ಕುಡ್ದು ಬಾ ತಾಯಿ, ಬಿಸ್ಲು ಹತ್ತೋ ಮುಂಚೆ ಬಾ
ಅಣ್ಣ ಹಿಡ್ದ ತಲೆ ಒಂದು, ತಂಗಿ ಹಿಡ್ದ ಕೊನೆ ಒಂದು
ನಡುವೆ ನಿಂತ ನೂಲಮ್ಮ, ಯಾರ ಮನೆಗೆ ಹೋಗ್ತೀಯೇ?

ಕೊನೆಯ "ಹೋಗ್ತೀಯೇ" ಬಂದಾಗ ಅವಳು ಉಸಿರನ್ನು ಎಳೆದು ಎಳೆದು ಬೀದಿಯ ತುದಿಯಲ್ಲಿ ಬಿಡುತ್ತಿದ್ದಳು. ಗಂಜಿ ಪಾತ್ರೆ ಹಿಡಿದು ಹಿಂದೆ ಓಡುತ್ತಿದ್ದ ನನಗೆ ಅಳು ಬರುತ್ತಿತ್ತು. ಯಾಕೆ ಅಳು ಎಂದು ಕೇಳಿದರೆ ಗಂಜಿಯ ಹಬೆ ಕಣ್ಣಿಗೆ ಹೋಯಿತು ಎನ್ನುತ್ತಿದ್ದೆ.

ನನಗೆ ಒಂಬತ್ತಾದ ವರ್ಷ ಎದುರು ಮನೆಯ ಮದುವೆಗೆ ಬಾಜಾ ಬಜಂತ್ರಿ ಬೇಡ, ಲೈಟ್ ಮ್ಯೂಸಿಕ್ ಬೇಕು ಎಂದು ಗಂಡಿನ ಕಡೆಯವರು ಹಟ ಹಿಡಿದು ಕೊಯಮತ್ತೂರಿನಿಂದ ಒಂದು ತಂಡ ಕರೆಸಿದ್ದರು. ಅದರಲ್ಲಿ ಕೀಬೋರ್ಡ್ ನುಡಿಸುವ ಮೋಹನ್ ಎಂಬಾತ ಬೆಳಿಗ್ಗೆ ಹಲ್ಲುಜ್ಜುತ್ತ ಬೀದಿಗೆ ಬಂದವನು ಅತ್ತೆಯ ಹಾಡು ಕೇಳಿ ಬಾಯಲ್ಲಿ ನೊರೆ ಇಟ್ಟುಕೊಂಡೇ ನಿಂತುಬಿಟ್ಟ. ಪಾವು ಮುಗಿಯುವವರೆಗೂ ಅವನು ಉಗಿಯಲಿಲ್ಲ. ಆಮೇಲೆ ತಾತನ ಹತ್ತಿರ ಬಂದು ತಮಿಳಿನಲ್ಲಿ ಹೇಳಿದ್ದು ಇದು: ಒಬ್ಬ ಹೊಸ ಪಾಪ್ ಗಾಯಕಿ, ಸಿನಿಮಾದವಳಲ್ಲ, ಸ್ವಂತ ಆಲ್ಬಂ ಮಾಡುತ್ತಿದ್ದಾಳೆ, ಎಂಟು ಹಾಡು, ನಾಲ್ಕನೇ ಹಾಡಿನ ಮಧ್ಯೆ ಯಾರಿಗೂ ಅರ್ಥವಾಗದ ಭಾಷೆಯಲ್ಲಿ ನಾಲ್ಕು ಸಾಲು ಬೇಕೆಂದು ಮ್ಯೂಸಿಕ್ ಡೈರೆಕ್ಟರ್ ಹುಡುಕುತ್ತಿದ್ದಾರೆ, ಇದು ಸರಿಯಾಗಿ ಕೂರುತ್ತದೆ. ನಮ್ಮ ಮನೆಯ ಮಾತಿಗೆ ಯಾರಿಗೂ ಅರ್ಥವಾಗದ ಭಾಷೆ ಎಂದು ಹೆಸರಿಟ್ಟದ್ದಕ್ಕೆ ನಮ್ಮಲ್ಲಿ ಒಬ್ಬರಿಗೂ ಸಿಟ್ಟು ಬರಲಿಲ್ಲ ನೋಡಿ. ಇನ್ನೂ ಹೆಮ್ಮೆಪಟ್ಟೆವು.

ಅಮ್ಮ ಮಾತ್ರ ಒಲೆಯ ಮುಂದಿನಿಂದ ಏಳದೆ ಗೊಣಗಿದಳು.

"ಕಲ್ಯಾಣ ಆಗ್ಬೇಕಾದ ಹೆಣ್ಣ ಪಾಟು ಹಾಡಕ್ಕೆ ಕಳಿಸ್ತಾರಾ ಮಾವ? ಸೊಂದಕಾರ್ರು ಏನಂತಾರೆ?"

ಸೊಂದಕಾರರು ಎಂದರೆ ನೆಂಟರು. ತಾತ ಎಲೆಯಡಿಕೆ ಜಗಿಯುತ್ತ, "ನಾನು ಕೂಡ ಹೋಗ್ತೀನಲ್ಲ, ಪಾಪನೂ ಬತ್ತಾಳೆ. ದೇವರ ಪಾಟು ತಾನೇ ಅದು, ನೂಲಮ್ಮನ ಪಾಟು" ಎಂದ. ಪಾಪ ಎಂದರೆ ನಾನು. ನಲವತ್ತು ದಾಟಿದರೂ ನಮ್ಮ ಬೀದಿಯಲ್ಲಿ ನಾನಿನ್ನೂ ಪಾಪನೇ.

ಎರಡು ಬಸ್ ಬದಲಿಸಿ ಕೊಯಮತ್ತೂರಿನ ಉಕ್ಕಡಂನಲ್ಲಿ ಇಳಿದೆವು. ಮೀನಿನ ಮಾರ್ಕೆಟ್ಟು ದಾಟುವಾಗ ತಾತ ಪಂಚೆಯ ತುದಿಯಿಂದ ಮೂಗು ಮುಚ್ಚಿಕೊಂಡ. ಹಿಂದಿನ ಗಲ್ಲಿಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮಾಳಿಗೆಯಲ್ಲಿ ಸ್ಟುಡಿಯೋ. ಒಳಗೆ ಗೋಡೆಗೆಲ್ಲ ತೆಂಗಿನ ನಾರಿನ ಚಾಪೆ ಹೊಡೆದಿದ್ದರು, ಏಸಿಯ ಚಳಿಗೆ ನನ್ನ ಹಲ್ಲು ಕಟಕಟ ಎಂದವು. ಗಾಯಕಿ ಅಲ್ಲೇ ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದಳು, ಜೀನ್ಸ್ ಹಾಕಿಕೊಂಡು, ಮಗುವಿನ ಹಾಗೆ. ಆಕೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದನ್ನು ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಬಿಸ್ಕತ್ತು ಕೊಟ್ಟಳು, ಚಳಿಯಾಗುತ್ತಿದೆಯಾ ಎಂದು ತನ್ನ ಶಾಲು ಹೊದಿಸಿದಳು. ಕೆಟ್ಟವಳಾಗಿದ್ದಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು.

ಮೈಕಿನ ಮುಂದೆ ಅತ್ತೆ ಮರ ನಿಂತ ಹಾಗೆ ನಿಂತಳು. ಅಲುಗಾಡಬೇಡಿ ಎಂದಿದ್ದರು, ಅಲುಗದೆ ಅವಳಿಗೆ ಹಾಡು ಬರದು. ಎರಡು ಸಲ ಶುರು ಮಾಡಿ ಎರಡು ಸಲ ನಿಲ್ಲಿಸಿದಳು. ಕತ್ತಿನಲ್ಲಿ ಬೆವರು ಇಳಿಯುತ್ತಿತ್ತು, ಆ ಚಳಿಯಲ್ಲೂ. ಆಗ ಗಾಯಕಿಯೇ ಎದ್ದು ಒಳಗೆ ಹೋಗಿ ಒಂದು ಟವಲ್ ತಂದು, ಅದರ ಒಂದು ತುದಿಯನ್ನು ಅತ್ತೆಗೆ ಕೊಟ್ಟು ಇನ್ನೊಂದು ತುದಿಯನ್ನು ತಾನು ಹಿಡಿದು ನಿಂತಳು, ಬ್ರಷ್ ಹಿಡಿಯುವ ಹಾಗೆ. ಅದನ್ನು ಅವಳಿಗೆ ಯಾರು ಹೇಳಿಕೊಟ್ಟರೋ, ಮೋಹನ್ ಇರಬೇಕು. ಇಬ್ಬರೂ ನಿಂತಲ್ಲೇ ಹೆಜ್ಜೆ ಹಾಕಿದರು, ಸದ್ದಾಗದಂತೆ ಬರಿಗಾಲಲ್ಲಿ. ಅತ್ತೆ ಹಾಡಿದಳು. ಗಾಜಿನ ಆಚೆ ಮ್ಯೂಸಿಕ್ ಡೈರೆಕ್ಟರ್ ಎರಡೂ ಕೈ ಮೇಲೆತ್ತಿದ್ದು ಕಂಡಿತು. ಮತ್ತೆ ಹಾಡಿಸಲಿಲ್ಲ, ಒಂದೇ ಸಲಕ್ಕೆ ಆಯಿತು.

ಈಗ ನಮ್ಮಲ್ಲಿಯ ಒಂದು ಪದ್ಧತಿ ಹೇಳಬೇಕು. ಯಾರೇ ಹೊಸದಾಗಿ ಮಗ್ಗಕ್ಕೆ ಇಳಿಯಲಿ, ಅವರ ಕೈಯ ಮೊದಲ ಬಟ್ಟೆ ನಮ್ಮ ಮನೆದೇವರು ಚೌಡಮ್ಮನದು. ಅದರಲ್ಲಿ ನೇಯ್ದವರ ಗುರುತು ಇರಕೂಡದು. ಎರಡನೇ ಬಟ್ಟೆಯಿಂದ ಸೆರಗಿನ ಕೊನೆಗೆ ಅವರವರ ಗುರುತು ಹಾಕಿಕೊಳ್ಳಬಹುದು: ಅಪ್ಪನದು ಎರಡು ಕೆಂಪೆಳೆ, ಅತ್ತೆಯದು ಒಂದು ಹಸಿರು ಒಂದು ಹಳದಿ. ಮಾರಿ ಹೋದ ಸೀರೆಯನ್ನು ಎಲ್ಲೋ ಮದುವೆಯಲ್ಲಿ ಯಾರೋ ಉಟ್ಟಿದ್ದರೆ ಅತ್ತೆ ಸೆರಗಿನ ಕೊನೆ ನೋಡಿ "ನಂದು" ಎಂದು ನನ್ನ ಸೊಂಟ ಚಿವುಟುತ್ತಿದ್ದಳು. ಮೊದಲನೆಯದು ಚೌಡಮ್ಮನಿಗೆ, ಆಮೇಲೆ ಎಲ್ಲ ನಮಗೆ. ಇದರಲ್ಲಿ ಯಾರಿಗೂ ಅನ್ಯಾಯವಾಗಿದ್ದನ್ನು ನಾನು ಕಂಡಿರಲಿಲ್ಲ.

ಹೊರಡುವಾಗ ಒಬ್ಬ ಅಸಿಸ್ಟೆಂಟ್ ಪೆನ್ನು ಕಾಗದ ಹಿಡಿದು ಬಂದ. ಕ್ಯಾಸೆಟ್ಟಿನ ಮೇಲೆ ಹಾಕಲು ಹೆಸರು ಬೇಕಂತೆ.

"ಉಂಗ ಪೇರೆನ್ನಮ್ಮಾ?"

ಅತ್ತೆ ಬಾಯಿ ತೆರೆದಳು. ತೆರೆದವಳು ತಾತನ ಮುಖ ನೋಡಿದಳು. ತಾತ ಕೈ ಜೋಡಿಸಿ, ಕಣ್ಣು ಮುಚ್ಚಿ, "ಶ್ರೀ ಚೌಡೇಶ್ವರಿ ಅಮ್ಮನ್ ಅಂತ ಬರ್ಕೊಳ್ಳಪ್ಪ" ಎಂದ. ಆತ ಬರೆದುಕೊಂಡ. ಅವನಿಗೇನು, ಯಾವ ಹೆಸರಾದರೇನು. ಅತ್ತೆಗೆ ಬೇಸರವಾಯಿತೆಂದು ನೀವು ಅಂದುಕೊಂಡರೆ ತಪ್ಪು. ಮೆಟ್ಟಿಲು ಇಳಿಯುವಾಗ ಅವಳು ಕುಣಿಯುತ್ತಿದ್ದಳು. ಮೊದಲನೆಯದನ್ನು ಚೌಡಮ್ಮನಿಗೆ ಒಪ್ಪಿಸಿ ಆಗಿತ್ತು, ಗಾಯಕಿಯೂ ಅವಳ ಕೈ ಹಿಡಿದು "ಅಕ್ಕಾ, ಅಡುತ್ತ ಆಲ್ಬತ್ತಿಲೆಯುಂ ನೀಂಗ ಇರುಕ್ಕಣುಂ" ಎಂದಿದ್ದಳು. ಮುಂದಿನ ಆಲ್ಬಂನಲ್ಲೂ ನೀವು ಇರಬೇಕು ಎಂದು. ಬಸ್ಸಿನಲ್ಲಿ ಅತ್ತೆ ನನ್ನ ಕಿವಿಯಲ್ಲಿ ಹೇಳಿದಳು.

"ಎರಡನೇದು ನನ್ನ ಪೇರಲ್ಲಿ ಬತ್ತದೆ ನೋಡು ಪಾಪ. ಸುಲೋಚನಾ ಅಂತ. ನೀನೇ ಓದಿ ಹೇಳ್ಬೇಕು ಎಲ್ರಿಗೂ."

ಕ್ಯಾಸೆಟ್ ಬಂತು. ನೀಲಿ ಕವರಿನ ಮೇಲೆ ಗಾಯಕಿಯ ಅರ್ಧ ಮುಖ. ಬಂದದ್ದೇ ಬಂದದ್ದು, ಊರಿಗೆ ಊರೇ ಹುಚ್ಚು ಹಿಡಿದವರ ಹಾಗೆ ಅದನ್ನೇ ಹಾಕಿತು. ಅನ್ನೂರಿನ ಕ್ಯಾಸೆಟ್ ಅಂಗಡಿಯಲ್ಲಿ ಬಂದ ದಿನವೇ ಖಾಲಿ, ಮತ್ತೆ ತರಿಸಿದರೆ ಮತ್ತೆ ಖಾಲಿ. ಟೀ ಅಂಗಡಿ, ಟೌನ್ ಬಸ್ಸು, ಹೂವಿನ ಅಂಗಡಿ, ತಿರುಪ್ಪೂರಿನ ಬನಿಯನ್ ಕಂಪನಿಗಳ ಹೊಲಿಗೆ ಹಾಲ್‌ಗಳು, ಎಲ್ಲೆಲ್ಲೂ. ಅದರಲ್ಲೂ ನಾಲ್ಕನೇ ಹಾಡು. ಡ್ರಮ್ಮು ಗಿಟಾರು ಎಲ್ಲ ತಟ್ಟನೆ ನಿಂತು ನಮ್ಮತ್ತೆ ಒಬ್ಬಳೇ "ಎಳೆ ಎಳೆ ಬಾ ತಾಯಿ" ಎನ್ನುವಾಗ ಬಸ್ಸಿನ ಕಂಡಕ್ಟರ್ ಕೂಡ ಟಿಕೆಟ್ ಹರಿಯುವುದನ್ನು ನಿಲ್ಲಿಸುತ್ತಿದ್ದ. ಕವರಿನ ಒಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ನೆರವಾದವರ ಪಟ್ಟಿ. ಗಾಯಕಿಯ ತಂದೆ ತಾಯಿ, ಗುರುಗಳು, ಕೊನೆಗೆ ಶ್ರೀ ಚೌಡೇಶ್ವರಿ ಅಮ್ಮನ್. ನೋಡಿದವರೆಲ್ಲ ಗಾಯಕಿಗೆ ಎಷ್ಟು ದೈವಭಕ್ತಿ ಎಂದರು.

ತಾತ ನಮ್ಮ ಕ್ಯಾಸೆಟ್ಟನ್ನು ದೇವರ ಗೂಡಿನಲ್ಲಿಟ್ಟು ಅರಿಸಿನ ಕುಂಕುಮ ಹಚ್ಚಿದ. ಅರಿಸಿನದ ಪುಡಿ ಒಳಗೆ ಹೋಗಿ ರೀಲು ಸಿಕ್ಕಿಕೊಂಡು ಅದು ಮತ್ತೆ ಹಾಡಲೇ ಇಲ್ಲ. ಇನ್ನೊಂದು ತರೋಣ ಅಪ್ಪ ಎಂದು ಅತ್ತೆ ಕೇಳಿದರೆ, ಮನೆಯಲ್ಲಿ ಚೌಡಮ್ಮನದು ಒಂದಿರುವಾಗ ಇನ್ನೊಂದು ಯಾಕೆ ಕೂಸೇ ಎಂದ. ಹೀಗಾಗಿ ಅವಳ ದನಿ ಎಲ್ಲರ ಮನೆಯಲ್ಲೂ ಕೇಳುತ್ತಿತ್ತು, ನಮ್ಮ ಮನೆಯೊಂದನ್ನು ಬಿಟ್ಟು. ಎದುರು ಮನೆಯವರು ಹಾಕಿದಾಗ ಅವಳು ಮಗ್ಗ ನಿಲ್ಲಿಸಿ ಕಿಟಕಿಗೆ ಕಿವಿ ಕೊಡುತ್ತಿದ್ದಳು. ಅವಳು ನಿಲ್ಲಿಸಿದಳೆಂದು ತಿಳಿದು ಅಪ್ಪನೂ ತನ್ನದನ್ನು ನಿಲ್ಲಿಸುತ್ತಿದ್ದ, ಏನೂ ಗೊತ್ತಿಲ್ಲದವನಂತೆ ಬೀಡಿ ಹುಡುಕುತ್ತ.

ಸ್ಕೂಲಿನಲ್ಲಿ ಆ್ಯನುವಲ್ ಡೇಗೆ ಹುಡುಗಿಯರು ಅದೇ ಹಾಡಿಗೆ ಡ್ಯಾನ್ಸ್ ಕಲಿತರು. ಆ ನಾಲ್ಕು ಸಾಲು ಬಂದಾಗ ಕಾಡುಜನರ ಹಾಗೆ ಎಲೆ ಕಟ್ಟಿಕೊಂಡು ಹೂ ಹಾ ಎಂದು ಜಿಗಿಯಬೇಕೆಂದು ಟೀಚರ್ ಹೇಳಿಕೊಟ್ಟರು. ನನಗೆ ತಡೆಯಲಾಗಲಿಲ್ಲ. ಟೀಚರ್, ಅದು ನಮ್ಮತ್ತೆ, ಅದು ಪಾವಿನ ಪಾಟು, ಅಲ್ಲಿ ಕುಣಿಯೋ ಹಾಗಿಲ್ಲ, ಹೆಜ್ಜೆ ಮೆಲ್ಲಗೆ ಹಾಕಬೇಕು ಎಂದುಬಿಟ್ಟೆ. ಟೀಚರ್ ನಕ್ಕು, ಕವರಿನಲ್ಲಿ ನಿಮ್ಮತ್ತೆ ಹೆಸರು ತೋರಿಸು ನೋಡೋಣ ಎಂದರು. ಎಲ್ಲಿಂದ ತೋರಿಸಲಿ? ಆ ವರ್ಷವೆಲ್ಲ ನನ್ನ ಹೆಸರು ಸುಳ್ಳಿ. ಮನೆಗೆ ಬಂದು ಅತ್ತೆಯ ಮುಂದೆ ಅತ್ತುಬಿಟ್ಟೆ. ಅವಳು ನನ್ನ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತ, ಎರಡನೇದು ಬರಲಿ, ಅವಳ ಮೂಗಿನ ಮುಂದೆ ಹಿಡಿ ಎಂದಳು. ಅವಳಿಗೆ ಒಂದು ಚೂರೂ ಅನುಮಾನವಿರಲಿಲ್ಲ.

ಅಲ್ಲಿಂದ ನಮ್ಮ ಮನೆ ಎರಡನೆಯದಕ್ಕೆ ಕಾಯುವ ಮನೆಯಾಯಿತು. ಗಂಟಲು ಕೆಡಬಾರದೆಂದು ಅತ್ತೆ ಮೊಸರು ಬಿಟ್ಟಳು, ಹುಣಸೆ ಬಿಟ್ಟಳು, ತಣ್ಣೀರು ಬಿಟ್ಟಳು. ಸಜ್ಜೆ ಕೂಳಿಗೆ ಮಜ್ಜಿಗೆ ಬಿಟ್ಟುಕೊಂಡು ಈರುಳ್ಳಿ ಕಚ್ಚಿ ತಿನ್ನುವ ಮನೆಯಲ್ಲಿ ಅವಳೊಬ್ಬಳಿಗೆ ಬಿಸಿ ಅನ್ನ, ಮೆಣಸಿನ ಸಾರು. ಅಮ್ಮನಿಗೆ ಉರಿಯುತ್ತಿತ್ತು.

"ಒಂದು ಮನೇಲಿ ಎರಡು ಒಲೆ ಹಚ್ಲಾ ನಾನು? ಅವಳ ಗಂಟ್ಲೇನು ಬಂಗಾರದ್ದಾ?"

"ಹೂಂ ಅತ್ತಿಗೆ, ಬಂಗಾರದ್ದೇ. ಎರಡನೇದು ಆಗ್ಲಿ, ಆಮೇಲೆ ಮಾತಾಡು."

ಹೆಣ್ಣು ನೋಡಲು ಬಂದವರಿಗೂ ಅದೇ ಉತ್ತರ. ತಿರುಪ್ಪೂರಿನ ಕಡೆಯಿಂದ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಹುಡುಗ ಬಟ್ಟೆಗೆ ಬಣ್ಣ ಹಾಕುವ ಡೈಯಿಂಗಿನಲ್ಲಿ ಕೆಲಸಕ್ಕಿದ್ದ, ಮಾತು ಕಡಿಮೆ, ಕೈ ಮಾತ್ರ ಮೊಣಕೈವರೆಗೂ ನೀಲಿ. ಅತ್ತೆಗೂ ಅವನು ಹಿಡಿಸಿದ್ದ, ನನಗೆ ಗೊತ್ತು. ಅವನು ಹೋದ ಮೇಲೆ ಅವನು ಕೂತಿದ್ದ ಚಾಪೆಯನ್ನು ಅವಳು ತಕ್ಷಣ ಮಡಚಲಿಲ್ಲ. ಆದರೆ ಮದುವೆಯಾಗಿ ಹೋದರೆ ಫೋನ್ ಬಂದಾಗ ನಾನಿಲ್ಲಿ ಇರುವುದಿಲ್ಲವಲ್ಲ, ಸ್ಟುಡಿಯೋದವರಿಗೆ ಕೊಟ್ಟಿರುವುದು ನಮ್ಮ ಬೀದಿ ತುದಿಯ ಎಸ್‌ಟಿಡಿ ಬೂತಿನ ನಂಬರು ತಾನೇ ಎಂದಳು. ಒಂದು ವರ್ಷ ಕಾಯಲು ಹೇಳಿ ಎಂದಳು. ಅವರು ಆರು ತಿಂಗಳು ಕಾದರು. ಅಷ್ಟು ಕಾದದ್ದೇ ದೊಡ್ಡದು. ಬೂತಿನಿಂದ ಯಾರಾದರೂ "ಫೋನ್!" ಎಂದು ಕೂಗಿದರೆ ಅತ್ತೆ ಗುಂಡಿಯಿಂದ ಎದ್ದು ಓಡುತ್ತಿದ್ದಳು, ಲಾಳಿ ಅರ್ಧ ಎಳೆಯಲ್ಲೇ ನಿಂತಿರುತ್ತಿತ್ತು. ಎಲ್ಲ ಸಲವೂ ಇನ್ಯಾರಿಗೋ. ತಾತ ಒಮ್ಮೆ ಉಕ್ಕಡಂಗೆ ಹೋಗಿ ನೋಡಿ ಬಂದ. ಸ್ಟುಡಿಯೋ ಮದ್ರಾಸಿಗೆ ಹೋಗಿಯಾಗಿತ್ತು, ಮಾಳಿಗೆಯಲ್ಲಿ ಈಗ ಪೈಪುಗಳನ್ನು ಪೇರಿಸಿದ್ದರು.

ಒಂದು ದಿನ ನಾನೂ ಅತ್ತೆಯೂ ಕೊಯಮತ್ತೂರಿಗೆ ಹೋಗಿ ನೂಲಿನ ಬಣ್ಣ ತೆಗೆದುಕೊಂಡು ವಾಪಸು ಬರುತ್ತಿದ್ದೆವು. ಮಧ್ಯಾಹ್ನ, ಬಸ್ಸಿನಲ್ಲಿ ಸೀಟು ಸಿಕ್ಕಿತ್ತು. ಡ್ರೈವರ್ ಹೊಸ ಕ್ಯಾಸೆಟ್ ತುರುಕಿದ. ಗಾಯಕಿಯ ದನಿ ಎಂದು ತಕ್ಷಣ ಗೊತ್ತಾಯಿತು, ಹಾಡು ಮಾತ್ರ ನಮಗೆ ಹೊಸದು. ಎರಡನೆಯದು ಬಂದುಬಿಟ್ಟಿದೆ ಎಂದು ನನಗೆ ಹೊಳೆಯಿತು, ಅತ್ತೆಯ ಮುಖ ನೋಡಲು ಧೈರ್ಯವಾಗಲಿಲ್ಲ. ಹಾಡು ಅರ್ಧಕ್ಕೆ ಬಂದಿರಬೇಕು, "ಯಾರ ಮನೆಗೆ, ಯಾರ ಮನೆಗೆ, ಯಾಯಾಯಾರ ಮನೆಗೆ" ಎಂದು ಒಂದು ದನಿ ಓಡತೊಡಗಿತು. ಅತ್ತೆಯದೇ ದನಿ. ಟೇಪಿನ ಚಕ್ರ ಜೋರಾಗಿ ತಿರುಗಿಸಿ ಚಿಕ್ಕ ಹುಡುಗಿಯದು ಮಾಡಿದ್ದರು, ತುಂಡು ತುಂಡು ಮಾಡಿ ಸಿಕ್ಕಸಿಕ್ಕಲ್ಲಿ ಅಂಟಿಸಿದ್ದರು. ಅತ್ತೆಯ ಮುಖ ಒಂದು ಗಳಿಗೆ ಅರಳಿತು. ಆಮೇಲೆ ಲೆಕ್ಕ ತಪ್ಪಿದವಳಂತೆ ನನ್ನ ಕಡೆ ತಿರುಗಿದಳು.

"ಪಾಪ, ಇದು ನಾನು ತಾನೇ?"

"ಹೂಂ ಅತ್ತೆ."

"ನಾನು ಯಾವಾಗ ಹೋಗಿ ಹಾಡ್ದೆ?"

ಅವಳು ನಿಜವಾಗಿಯೂ ಕೇಳುತ್ತಿದ್ದಳು. ನೀವು ನಗಬಹುದು. ಒಂದು ಸೀರೆ ನೇಯ್ದು ಮಾರಿದ ಮೇಲೆ ಇನ್ನೊಂದು ಬೇಕಾದರೆ ಮತ್ತೆ ಗುಂಡಿಗೆ ಇಳಿಯಬೇಕು, ಮತ್ತೆ ಎಳೆ ಎಳೆಯಾಗಿ ಹೊಡೆಯಬೇಕು. ಮೊದಲನೆಯ ಸೀರೆಯೇ ಎರಡನೆಯದೂ ಆಗಲಾರದು. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಅಷ್ಟೇ. ಒಂದು ಸಲ ಹಿಡಿದಿಟ್ಟ ದನಿಯಿಂದ ಎಷ್ಟು ಬೇಕಾದರೂ ಮಾಡಿಕೊಳ್ಳಬಹುದು, ಹಾಡಿದವಳನ್ನು ಮತ್ತೆ ಕರೆಯಬೇಕಾಗಿಯೇ ಇಲ್ಲ ಎಂಬುದು ತಾತನಿಗೂ ತೋಚಿರಲಿಲ್ಲ, ಅತ್ತೆಗೂ ತೋಚಿರಲಿಲ್ಲ. ಎರಡು ವರ್ಷ ಮೊಸರು ಬಿಟ್ಟು ಕಾಪಾಡಿದ ಗಂಟಲು ಯಾರಿಗೂ ಬೇಕಾಗಿರಲಿಲ್ಲ. ಹಾಡು ಮುಗಿಯಿತು. ಜನ ಚೆನ್ನಾಗಿದೆ ಎಂದು ಡ್ರೈವರಿಗೆ ಮತ್ತೆ ಹಾಕಲು ಹೇಳಿದರು, ಅವನು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದ.

ಅಪ್ಪ ಅಂದೇ ಸಂಜೆ ಹೋಗಿ ಆ ಕ್ಯಾಸೆಟ್ ತಂದ. ಕವರ್ ಬಿಚ್ಚಿ ನಾನೇ ಓದಿದೆ, ಮೂರು ಸಲ ಓದಿದೆ. ಅದರಲ್ಲಿ ಸುಲೋಚನಾ ಇರಲಿಲ್ಲ. ಚೌಡೇಶ್ವರಿಯೂ ಇರಲಿಲ್ಲ. ತಾತ ಹಣೆ ಚಚ್ಚಿಕೊಂಡು, "ಅಯ್ಯೋ, ಅಮ್ಮನ ಪೇರನ್ನೇ ಬಿಟ್ಟುಬಿಟ್ರಲ್ಲ, ಪಾಪಿಗಳು" ಎಂದ. ಗುಂಡಿಯ ಅಂಚಿನಲ್ಲಿ ಕೂತಿದ್ದ ಅತ್ತೆ ಎದ್ದಳು. ಅವಳ ಕೋಪ ನನಗೆ ಗೊತ್ತಿತ್ತು, ಪಾತ್ರೆ ಎಸೆಯುತ್ತಾಳೆಂದು ಹಿಂದೆ ಸರಿದೆ. ಅವಳು ಏನನ್ನೂ ಎಸೆಯಲಿಲ್ಲ. ತಾತನ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕೂತಳು.

"ಅಪ್ಪ, ನನ್ನ ಪೇರು ಹೇಳು."

"ಏನು ಕೂಸೇ ಇದು..."

"ಕೂಸಲ್ಲ. ನನ್ನ ಪೇರು. ಒಂದ್ಸಲ ಹೇಳು."

ತಾತ ಅಪ್ಪನ ಮುಖ ನೋಡಿದ, ಅಮ್ಮನ ಮುಖ ನೋಡಿದ. ಅಮ್ಮ ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಕೊನೆಗೆ ತಾತ, "ಸುಲೋಚನಾ" ಎಂದ, ತಪ್ಪು ಒಪ್ಪಿಕೊಳ್ಳುವವನ ಹಾಗೆ.

"ಆತು. ಆವತ್ತೇ ಅದ ಹೇಳಿದ್ರೆ ಬಾಯಿ ನೋಯ್ತಿತ್ತಾ?"

ಅಷ್ಟು ಹೇಳಿ ಅವಳು ಒಳಗೆ ಹೋಗಿ, ಮಡಕೆಯಿಂದ ಒಂದು ಬಟ್ಟಲು ಮೊಸರು ಬಗ್ಗಿಸಿಕೊಂಡು ಎಲ್ಲರ ಎದುರು ನಿಂತೇ ಕುಡಿದಳು. ಅಮ್ಮ ಗೊಳೋ ಎಂದು ಅತ್ತಳು. ಹಾಗೆ ಅಮ್ಮ ನಾದಿನಿಗಾಗಿ ಅತ್ತದ್ದು ಅದೊಂದೇ ಸಲ.

ಮುಂದಿನ ಪಾವಿಗೆ ಹೆಂಗಸರು ಹಾಡು ಎಂದಾಗ ಅತ್ತೆ, ಹಾಡೋ ಪೆಟ್ಟಿ ಹಾಕ್ಕೊಳ್ಳಿ ಎಂದಳು. ತಮಾಷೆಗೆ ಹೇಳಿದಳೋ ಏನೋ, ಎದುರು ಮನೆಯವರು ನಿಜವಾಗಿಯೂ ಟೇಪ್ ರೆಕಾರ್ಡರ್ ತಂದು ಜಗಲಿಯ ಮೇಲಿಟ್ಟರು. ನಾಲ್ಕು ಸಾಲಿನ ನಂತರ ಡ್ರಮ್ಮು ಶುರುವಾಗಿ ಎಲ್ಲರ ಹೆಜ್ಜೆ ತಪ್ಪಿತು, ಅಪ್ಪ ಬೈದು ಅದನ್ನು ಆರಿಸಿದ. ಆಮೇಲೆ ಪಾವು ಹಾಕುವಾಗ ಯಾರೂ ಹಾಡಲಿಲ್ಲ. ಒಂದೆರಡು ವರ್ಷದಲ್ಲಿ ಪಾವು ಹಾಕುವುದೇ ನಿಂತಿತು, ಗಂಜಿ ಹಾಕಿದ ನೂಲು ಮಿಲ್ಲಿನಿಂದಲೇ ಬರತೊಡಗಿತು. ತಾತ ಹೋದ. ಅತ್ತೆಯನ್ನು ಕುರಿಚಿಯ ಒಂದು ಫೌಂಡ್ರಿಯಲ್ಲಿ ಕೆಲಸ ಮಾಡುವ, ಹೆಂಡತಿ ತೀರಿಕೊಂಡ, ಎರಡು ಮಕ್ಕಳಿದ್ದವರಿಗೆ ಕೊಟ್ಟರು. ಮಾಮ ಒಳ್ಳೆಯವರೇ. ಮದುವೆಯ ಹೊಸದರಲ್ಲಿ ಆ ಹಾಡಿನ ದನಿ ತನ್ನದೆಂದು ಅವಳು ಹೇಳಿಕೊಂಡದ್ದನ್ನು ಕೇಳಿ, "ಹಾಗೆಲ್ಲ ಹೊರಗೆ ಹೇಳ್ಬೇಡ, ಜನ ನಗ್ತಾರೆ" ಎಂದರಂತೆ. ಅವಳು ಹೇಳಲಿಲ್ಲ.

ಹೋದ ವರ್ಷ ನಮ್ಮ ಸಂಬಂಧದಲ್ಲಿ ಒಂದು ಮದುವೆ, ಕೊಯಮತ್ತೂರಿನ ದೊಡ್ಡ ಮಂಟಪದಲ್ಲಿ. ಮುಹೂರ್ತ ಮುಗಿದು ಊಟದ ಪಂಕ್ತಿ ನಡೆಯುತ್ತಿದ್ದಾಗ ವೇದಿಕೆಯಲ್ಲಿ ಹಳೆಯ ಹಾಡುಗಳು. ಆ ನೀಲಿ ಆಲ್ಬಂ ಮತ್ತೆ ಫೋನುಗಳಲ್ಲಿ ಓಡಾಡುತ್ತಿದೆಯಲ್ಲ, ನಾಲ್ಕನೇ ಹಾಡಿಗೆ ಚಪ್ಪಾಳೆಯೋ ಚಪ್ಪಾಳೆ. ಹಾಡುತ್ತಿದ್ದ ಹುಡುಗಿಗೆ ಇಪ್ಪತ್ತೂ ಇರಲಿಕ್ಕಿಲ್ಲ. ಆ ನಾಲ್ಕು ಸಾಲು ಬಂದಾಗ ಅವಳು ನಗುತ್ತ ಮೈಕನ್ನು ಕೆಳಗೆ ಚಾಚಿದಳು, ಯಾರಿಗಾದರೂ ಬರುತ್ತದೆಯೇ ಎಂದು. ನಾನೇ ಅತ್ತೆಯನ್ನು ಹಿಂದಿನಿಂದ ತಳ್ಳಿದೆ. ತಳ್ಳಬಾರದಿತ್ತು. ಎಲ್ಲರೂ ನೋಡುತ್ತಿದ್ದರು, ಬೇರೆ ದಾರಿಯಿಲ್ಲದೆ ಅವಳು ಮೈಕು ಹಿಡಿದಳು. ಕೂದಲು ಪೂರ್ತಿ ಬೆಳ್ಳಗಾಗಿದೆ, ಮಂಡಿ ನೋವಿಗೆ ನಿಲ್ಲಲಾರಳು, ಆದರೆ ದನಿ ಒಂದೆಳೆಯೂ ತುಂಡಾಗಿರಲಿಲ್ಲ. ಕೊನೆಯ ಉಸಿರನ್ನು ಅವಳು ಬಿಡುವವರೆಗೆ ಪಂಕ್ತಿಯಲ್ಲಿ ಬಡಿಸುವವರೂ ನಿಂತಿದ್ದರು. ಆ ಹುಡುಗಿ ವೇದಿಕೆಯಿಂದ ಓಡಿ ಬಂದು ಅತ್ತೆಯ ಕಾಲು ಮುಟ್ಟಿದಳು.

"ಸೂಪರ್ ಪಾಟಿ! ಅಪ್ಪಡಿಯೇ ಒರಿಜಿನಲ್ ಮಾದಿರಿಯೇ ಇರುಕ್ಕು. ಕೇಟ್ಟು ಕೇಟ್ಟು ಪಳಗಿನೀಂಗಳಾ?"

ಥೇಟ್ ಒರಿಜಿನಲ್ ಹಾಗೇ ಇದೆ ಅಜ್ಜಿ, ಕೇಳಿ ಕೇಳಿ ಕಲಿತಿರಾ ಎಂದು. ನನ್ನ ಬಾಯಿ ತೆರೆಯಿತು. ಅತ್ತೆ ನನ್ನ ಮಣಿಕಟ್ಟನ್ನು ಹಿಡಿದು ಗಟ್ಟಿಯಾಗಿ ಒತ್ತಿದಳು.

"ಆಮಾ ಕಣ್ಣು," ಎಂದಳು ಆ ಹುಡುಗಿಗೆ, "ಕೇಟ್ಟು ಕೇಟ್ಟುದಾನ್." ಹೌದಮ್ಮ, ಕೇಳಿ ಕೇಳಿಯೇ.

ಕುರಿಚಿಗೆ ಹೋಗುವ ಆಟೋದಲ್ಲಿ ನಾನು ಅವಳ ಮೇಲೆ ರೇಗಿದೆ. ನಾನೇ ಅಂತ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು, ಆ ಹುಡುಗಿ ನಂಬುತ್ತಿದ್ದಳು, ಫೋನಿನಲ್ಲಿ ಹಾಕುತ್ತಿದ್ದಳು, ನಾಲ್ಕು ಜನಕ್ಕಾದರೂ ಗೊತ್ತಾಗುತ್ತಿತ್ತು ಎಂದೆಲ್ಲ ಕೂಗಾಡಿದೆ. ಅತ್ತೆ ತಾಂಬೂಲದ ಚೀಲದಿಂದ ತೆಂಗಿನಕಾಯಿ ತೆಗೆದು ಅಲ್ಲಾಡಿಸಿ ನೀರಿದೆಯೇ ಎಂದು ನೋಡುತ್ತಿದ್ದಳು.

"ಹೇಳಿದ್ರೆ ಅವಳು ಪೇರು ಕೇಳ್ತಾಳೆ ಪಾಪ," ಎಂದಳು. "ಕೇಳಿದ್ರೆ ಹೇಳ್ಬೇಕಲ್ಲ. ಹೇಳಿದ್ಮೇಲೆ ಮತ್ತೆ ಕಾಯ್ಬೇಕು."